ಮೂರನೆಯದಾದರೂ ಗಂಡಾಗುತ್ತಾ, ಡಾಕ್ಟ್ರೇ?

ಈ ಸಲದ ಪತ್ರಗಳಲ್ಲೂ ಅರ್ಧಕ್ಕರ್ಧ ಇದೇ ಗೋಳು. ಥೈರಾಯ್ಡ್, ಮುಟ್ಟಿನ ತೊಂದರೆ ಬಗ್ಗೆ ಕೇಳಿದವರು ಮುಂದಿನ ವಾರದವರೆಗೆ ಕಾಯಬೇಕು.

ಪ್ರಶ್ನೆ: ನನಗೆ 34 ವರ್ಷ. ಇಬ್ಬರು ಹೆಣ್ಣುಮಕ್ಕಳು, ಎರಡೂ ಸಿಸೇರಿಯನ್. ಖಾಸಗಿ ಕಂಪನಿಯಲ್ಲಿ ಕೆಲಸ. ‘ಎರಡು ಹೆಣ್ಣಾದ ಮೇಲೆ ಮೂರನೆಯದು ಗಂಡೇ’ ಅಂತಾರೆ ಅತ್ತೆ. ‘ಬೇಕಾದರೆ ಕೆಲಸ ಬಿಡು’ ಅಂತಾರೆ ಯಜಮಾನರು. ಏನು ಮಾಡಲಿ?

ಉತ್ತರ: ಸಹಜವಾಗಿ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ಹಿಂದೆ ಏನೇ ಆಗಿರಲಿ, ಪ್ರತಿ ಬಸಿರಿಗೂ ಅದೇ ಲೆಕ್ಕ, ಹೆಚ್ಚೂಕಮ್ಮಿ ಅರ್ಧಕ್ಕರ್ಧ. ಮೂರನೆಯದೂ ಹೆಣ್ಣಾದರೆ ನಾಲ್ಕನೆಯದಾ? ಮೊದಲು ಅದನ್ನು ಕೇಳಿ. ಗಂಡು ಹುಟ್ಟುವ ತನಕ ಆಪರೇಷನ್ ಮುಂದೂಡುವ ಮನೆಗಳಲ್ಲಿ ಸಂಸಾರ ಬೆಳೆಯುವುದೇ ಹೀಗೆ. 2017-18ರ ಕೇಂದ್ರ ಆರ್ಥಿಕ ಸಮೀಕ್ಷೆ ಹೀಗೆ ಮಗನಿಗಾಗಿ ಕಾಯುತ್ತ ‘ಬೇಡದೆ’ ಹುಟ್ಟಿದ ಹುಡುಗಿಯರು 2.1 ಕೋಟಿ ಎಂದು ಅಂದಾಜಿಸಿತ್ತು. ಭ್ರೂಣಹತ್ಯೆಯ ಲೆಕ್ಕ ಇದರಲ್ಲಿ ಸೇರಿಲ್ಲ.

ಇನ್ನು ಕೆಲಸ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿತಲ್ಲ, ಅದು ಮೊದಲ ಎರಡಕ್ಕೆ. ಇಬ್ಬರು ಮಕ್ಕಳಿರುವ ನಿಮಗೆ ಸಿಗುವುದು 12 ವಾರ. ಹೆರಿಗೆಗೆ ಮುಂಚೆ ಎರಡು ವಾರ ತಗೊಂಡಿರೋ, ಕತ್ತು ಸರಿಯಾಗಿ ನಿಲ್ಲದ 10 ವಾರದ ಕೂಸನ್ನು ಬಿಟ್ಟು ಆಫೀಸಿಗೆ ಹೋಗಬೇಕು. ಗಂಡಸರಿಗೋ, ಕೇಂದ್ರ ಸರ್ಕಾರಿ ನೌಕರರಾದರೂ 15 ದಿನದ ರಜೆ ಇಬ್ಬರು ಮಕ್ಕಳವರೆಗೆ ಮಾತ್ರ. ಆಗ ರಾಜೀನಾಮೆ ಕೊಡುವುದು ಯಾರು ಅಂತ ನಾನು ಹೇಳಬೇಕಾ? ಮಕ್ಕಳು ಮೂರು, ಸಂಬಳ ಒಂದು. ಯಜಮಾನರು ಓವರ್‌ಟೈಮ್ ಮಾಡಿ ರಾತ್ರಿ ಬರುತ್ತಾರೆ, ತೊಟ್ಟಿಲು ತೂಗುವುದು ನಿಮ್ಮ ದೊಡ್ಡ ಮಗಳು. ನಾಲ್ಕೈದು ವರ್ಷ ಬಿಟ್ಟು ಕೆಲಸ ಕೇಳಿಕೊಂಡು ಹೋದವರಿಗೆ ಹಳೆಯ ಸಂಬಳ ಯಾರೂ ಕೊಡುವುದಿಲ್ಲ.

ಎರಡು ಸಿಸೇರಿಯನ್ ಆದ ಗರ್ಭಕೋಶದಲ್ಲಿ ಮಾಸು ಹಳೆಯ ಹೊಲಿಗೆಗೆ ಕಚ್ಚಿಕೊಳ್ಳುವ ಅಪಾಯ ಹೆಚ್ಚು. ರಕ್ತ ನಿಲ್ಲದೆ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಈ ವಿಷಯದಲ್ಲಿ ನಾನು ಅಂಜುಬುರುಕಿ, ಹೌದು. ‘ಹೆಣ್ಣಾದರೂ ಸೈ, ನನಗೇ ಇನ್ನೊಂದು ಬೇಕು’ ಅನ್ನುವುದಾದರೆ ಬನ್ನಿ, ಕೂತು ಮಾತಾಡೋಣ. ಗಂಡಿಗಾಗಿ ಬೇಡ. ಕೆಲಸವನ್ನಂತೂ ಬಿಡಲೇಬೇಡಿ.

ಪ್ರಶ್ನೆ: ಎರಡನೇ ತಿಂಗಳಲ್ಲಿ ಗಂಡುಮಗುವಿಗೆ ಔಷಧಿ ಕೊಡುವವರಿದ್ದಾರೆ. ಮಗು ಹೆಣ್ಣಾದರೆ ದುಡ್ಡು ವಾಪಸ್ಸಂತೆ.

ಉತ್ತರ: ಬಸಿರು ಕಟ್ಟಿದ ಗಳಿಗೆಯಲ್ಲೇ ತೀರ್ಮಾನವಾದದ್ದನ್ನು ಯಾವ ಪುಡಿಯೂ ಬದಲಿಸದು. ಮಗುವಿನ ಅಂಗಾಂಗ ಮೂಡುವ ಹೊತ್ತಿನಲ್ಲಿ ಏನು ಬೆರೆಸಿದ್ದಾನೋ ಗೊತ್ತಿಲ್ಲದ್ದನ್ನು ನುಂಗಬೇಡಿ. ದುಡ್ಡು ವಾಪಸ್ ಕೊಟ್ಟರೂ ಆ ಕಳ್ಳನಿಗೆ ನಷ್ಟವಿಲ್ಲ, ಅರ್ಧ ಜನಕ್ಕೆ ಹೇಗೂ ಗಂಡೇ ಹುಟ್ಟುತ್ತದಲ್ಲ!

ಪ್ರಶ್ನೆ: ನನ್ನ ಹೆಂಡತಿ ಬರೀ ಹೆಣ್ಣೇ ಹೆರುತ್ತಾಳೆ. ಚಿಕಿತ್ಸೆ ಇದೆಯೇ?

ಉತ್ತರ: ಮಗುವನ್ನು ಗಂಡಾಗಿಸುವ ವೈ ವರ್ಣತಂತು ಇರುವುದು ನಿಮ್ಮಲ್ಲಿ, ಆಕೆಯಲ್ಲಲ್ಲ.

ಪ್ರಶ್ನೆ: ಸ್ಕ್ಯಾನಿಂಗಲ್ಲಿ ಗಂಡೋ ಹೆಣ್ಣೋ ಹೇಳುವ ಕಡೆ ಗೊತ್ತಿದೆಯೇ?

ಉತ್ತರ: ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆಯ ಪ್ರಕಾರ ಹೇಳಿದ ಡಾಕ್ಟರಿಗಷ್ಟೇ ಅಲ್ಲ, ಕೇಳಿಕೊಂಡು ಹೋದವರಿಗೂ ಮೂರು ವರ್ಷದವರೆಗೆ ಜೈಲು. ಇನ್ನೊಮ್ಮೆ ಬರೆಯಬೇಡಿ.