ಕಾಟ್‌ಬುಸ್‌ಗೆ ಬರಬಹುದೇ ಎಂದು ಕೇಳಿದವರಿಗೆ

ನಮಸ್ಕಾರ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ನೀವು, ಜರ್ಮನಿಯ ಕಾಟ್‌ಬುಸ್‌ನಿಂದ ಕೆಲಸದ ಕರೆ ಬಂದಿದೆ, ಕಲ್ಲಿದ್ದಲನ್ನೇ ಕೈಬಿಡುತ್ತಿರುವ ಸೀಮೆಗೆ ಬರುವುದು ಸರಿಯೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಬನ್ನಿ, ಆದರೆ ಜರ್ಮನ್ ಭಾಷೆಯನ್ನು ಬಿ1 ಮಟ್ಟದವರೆಗಾದರೂ, ಅಂದರೆ ದಿನನಿತ್ಯದ ಮಾತುಕತೆ ನಡೆಸುವಷ್ಟಾದರೂ, ಕಲಿತೇ ಬನ್ನಿ.

ಕಾಟ್‌ಬುಸ್ ಇರುವ ಈ ಲೌಸಿಟ್ಸ್ ಪ್ರದೇಶದ ಜನ ಒಮ್ಮೆ ಬಹಳ ನೊಂದಿದ್ದಾರೆ. ಪೂರ್ವ ಜರ್ಮನಿಯ ಕಾಲದಲ್ಲಿ ಇಲ್ಲಿನ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿ ಮತ್ತು ಸ್ಥಾವರಗಳನ್ನು ನಂಬಿ ಸಾವಿರಾರು ಕುಟುಂಬಗಳು ಬದುಕುತ್ತಿದ್ದವು. 1990ರಲ್ಲಿ ದೇಶ ಒಂದಾದ ಮೇಲೆ ಕೆಲವೇ ವರ್ಷಗಳಲ್ಲಿ ಆ ಕೆಲಸಗಳಲ್ಲಿ ಹೆಚ್ಚಿನವು ಹೋದವು. ಮರುತರಬೇತಿಯೇನೋ ಸಿಕ್ಕಿತು, ಆದರೆ ತರಬೇತಿ ಮುಗಿಸಿದವರಿಗೆ ಊರಿನಲ್ಲಿ ಕೆಲಸವೇ ಇರಲಿಲ್ಲವಾದ್ದರಿಂದ ಯುವಕರು ಪಶ್ಚಿಮದ ಕಡೆಗೆ ಗುಳೆ ಹೋದರು. ನಿಮ್ಮ ಜೊತೆ ಕೆಲಸ ಮಾಡಲಿರುವ ಹಿರಿಯರಲ್ಲಿ ಅನೇಕರು ಅದನ್ನು ಕಣ್ಣಾರೆ ಕಂಡವರು. ಸರ್ಕಾರದ ಮಾತನ್ನು ಅವರು ಸುಲಭವಾಗಿ ನಂಬದಿದ್ದರೆ ಅದು ಹಟವಲ್ಲ, ಅನುಭವ.

ಈ ಬಾರಿ ಕ್ರಮ ಬೇರೆಯಾಗಿದೆ, ಹಳೆಯದು ಮುಚ್ಚುವ ಮೊದಲೇ ಹೊಸ ಕೆಲಸ ಬರುತ್ತಿದೆ; ನನ್ನ ಭರವಸೆಗೆ ಅದೇ ಕಾರಣ. 2020ರ ಕಾಯ್ದೆಯಂತೆ 2038ರೊಳಗೆ ಕಲ್ಲಿದ್ದಲು ವಿದ್ಯುತ್ ನಿಲ್ಲಬೇಕು. ಕಲ್ಲಿದ್ದಲು ಸೀಮೆಗಳಿಗೆಂದು 40 ಬಿಲಿಯನ್ ಯೂರೋವರೆಗೆ ನೆರವು ನಿಗದಿಯಾಗಿದೆ. ಹತ್ತಿರದ ಯೆನ್‌ಶ್ವಾಲ್ಡೆ ಸ್ಥಾವರ ಪೂರ್ತಿಯಾಗಿ ನಿಲ್ಲುವ ಮೊದಲೇ, 2024ರ ಜನವರಿಯಲ್ಲಿ, ವೇಗದ ರೈಲುಗಳ ದುರಸ್ತಿಗಾಗಿ ಕಾಟ್‌ಬುಸ್‌ನಲ್ಲಿ ದೊಡ್ಡ ಕಾರ್ಯಾಗಾರ ತೆರೆಯಿತು; ಅಲ್ಲಿ ಒಟ್ಟು 1,200 ಹೊಸ ಹುದ್ದೆಗಳ ಗುರಿಯಿದೆ. ಅದೇ ವರ್ಷ ವೈದ್ಯಕೀಯ ವಿಶ್ವವಿದ್ಯಾಲಯವೂ ಆರಂಭವಾಯಿತು. 58 ದಾಟಿದ ಕಲ್ಲಿದ್ದಲು ಕಾರ್ಮಿಕರು ಕೆಲಸ ಕಳೆದುಕೊಂಡರೆ ಪಿಂಚಣಿ ಬರುವ ತನಕ, ಐದು ವರ್ಷ ಮೀರದಂತೆ, ಸರ್ಕಾರ ಭತ್ಯೆ ಕೊಡುತ್ತದೆ. ಆದ್ದರಿಂದ ಮರುತರಬೇತಿಯ ಹೊರೆ ಮುಖ್ಯವಾಗಿ ಕಿರಿಯರದ್ದು, ನಿಮ್ಮಂಥವರದ್ದು.

ಭಾಷೆಯ ಮಾತನ್ನು ಏಕೆ ಒತ್ತಿ ಹೇಳಿದೆನೆಂದರೆ, ಸ್ಥಾವರದ ಎಲೆಕ್ಟ್ರಿಷಿಯನ್ ಇಂಥ ರೈಲು ಕಾರ್ಯಾಗಾರದ ಕೆಲಸಕ್ಕೆ ಬಂದಾಗ ಕೈಗೆ ಹೊಸದು ಕಡಿಮೆ, ನಾಲಿಗೆಗೇ ಹೆಚ್ಚು. ವಿದ್ಯುತ್ ಕಡಿತಗೊಳಿಸುವುದು, ಯಾರೂ ಮತ್ತೆ ಚಾಲೂ ಮಾಡದಂತೆ ಬೀಗ ಹಾಕುವುದು, ವಿದ್ಯುತ್ ಇಲ್ಲವೆಂದು ಅಳೆದು ಖಚಿತಪಡಿಸಿಕೊಳ್ಳುವುದು, ತಂತಿಗಳನ್ನು ಭೂಮಿಗೆ ಜೋಡಿಸಿ (ಅರ್ಥಿಂಗ್) ಒಂದಕ್ಕೊಂದು ಸೇರಿಸಿ ಶಾರ್ಟ್ ಮಾಡುವುದು, ಪಕ್ಕದಲ್ಲಿ ವಿದ್ಯುತ್ ಇರುವ ಭಾಗಗಳನ್ನು ಮುಚ್ಚುವುದು: ಈ ಐದು ನಿಯಮಗಳನ್ನು ನೀವು ದಿನವೂ ಪಾಲಿಸಿರಬಹುದು, ಆದರೆ ಇಲ್ಲಿ ಅವನ್ನು ಇದೇ ಕ್ರಮದಲ್ಲಿ ಜರ್ಮನ್‌ನಲ್ಲಿ ಹೇಳಲು ಬರಬೇಕು.

ನಿಮ್ಮ ಡಿಪ್ಲೊಮಾಗೆ ಜರ್ಮನಿಯಲ್ಲಿ ಮಾನ್ಯತೆ ಸಿಗಲು ಈಗಲೇ ಅರ್ಜಿ ಹಾಕಿ. ಅನುಭವ ಪತ್ರದಲ್ಲಿ ಹುದ್ದೆಯ ಹೆಸರಷ್ಟೇ ಇದ್ದರೆ ಸಾಲದು; ಬ್ರೇಕರ್, ಟ್ರಾನ್ಸ್‌ಫಾರ್ಮರ್, ಮೋಟಾರ್‌ಗಳ ಮೇಲೆ ನೀವು ನಿಜವಾಗಿ ಮಾಡಿದ ಕೆಲಸವನ್ನು ಬಿಡಿಸಿ ಬರೆಸಿಕೊಳ್ಳಿ. ಪೂರ್ಣ ಮಾನ್ಯತೆ ಸಿಗದೆ ಇಲ್ಲಿ ತರಬೇತಿ ಪಡೆಯಬೇಕಾಗಿ ಬಂದರೆ, ಆ ಅವಧಿಯ ಸಂಬಳ ಎಷ್ಟು, ಮುಗಿದ ಮೇಲೆ ಹುದ್ದೆ ಕಾಯಂ ಆಗುತ್ತದೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಕಂಪನಿಯಿಂದ ಬರಹದಲ್ಲಿ ಪಡೆದುಕೊಳ್ಳಿ.