ಅಬ್ಬಾ (ಅಪ್ಪ) ಬೀಡಿ ಬಿಡಲು ಮನೆಯವರು ಏನು ಮಾಡಬಹುದು?

"ಹರಾಮ್" (ಧರ್ಮದಲ್ಲಿ ನಿಷಿದ್ಧ) ಅಂತ ದಿನಾ ಉಪದೇಶ ಮಾಡಿದರೆ ಅವರು ಬೀಡಿ ಬಿಡುವುದಿಲ್ಲ, ಮಹಡಿ ಹತ್ತಿ ಸೇದುತ್ತಾರೆ ಅಷ್ಟೇ. ನಮ್ಮ ಮನೆಯಲ್ಲೂ ಹಾಗೇ ಆಯ್ತು. ನಮ್ಮ ಕೈಯಾರೆ ನಾಶಕ್ಕೆ ಬೀಳಬಾರದು ಎಂದು ಕುರ್‌ಆನ್ (2:195) ಹೇಳುವುದು ಅವರಿಗೂ ಗೊತ್ತು.

ರಂಜಾನ್ ಒಳ್ಳೆಯ ಸಮಯ. ಬೆಳಗಿನ ಜಾವದ ಸಹ್ರಿ ಊಟದಿಂದ ಸಂಜೆ ಉಪವಾಸ ಬಿಡುವ ಇಫ್ತಾರ್‌ವರೆಗೆ ಹೇಗೂ ಸೇದುವಂತಿಲ್ಲ. ಕಷ್ಟ ಇರುವುದು ಆಮೇಲೆ. ಖರ್ಜೂರ ತಿಂದು ನೀರು ಕುಡಿದ ಕೂಡಲೇ ಕೈ ಜೇಬಿಗೆ ಹೋಗುತ್ತದೆ. ಆಗ ಅವರ ಜೊತೆಗೇ ಸಂಜೆಯ ಮಗ್ರಿಬ್ ನಮಾಜಿಗೆ ಹೊರಡಿ. ಚಹಾ ತಡವಾಗಿ ಕೊಡಿ. ಚಹಾ ಕಂಡರೆ ಬೀಡಿ ನೆನಪಾಗುತ್ತದೆ, ಅಲ್ವಾ?

ಬಿಟ್ಟ ಮೊದಲ ಕೆಲವು ದಿನ ಸಿಡಿಮಿಡಿ ಜಾಸ್ತಿ. ಸುಮ್ನೆ ಸಹಿಸಿಕೊಳ್ಳಿ. ನಿಕೋಟಿನ್ ಗಮ್ ಬೇಕಾದರೆ ವೈದ್ಯರನ್ನು ಕೇಳಿ, ಇಫ್ತಾರ್ ನಂತರ ಜಗಿಯಲಿ. 1800-11-2356 ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.