ಹಿಪ್ನೇರಳೆ ಗಿಡಕ್ಕೆ ನೀರು: ದಿನಾ ಸ್ವಲ್ಪನಾ, ವಾರಕ್ಕೊಂದ್ಸಲ ಹೊಟ್ಟೆ ತುಂಬಾನಾ?

ಪ್ರಶ್ನೆ: ಮೇಡಂ, ಮಕ್ಕಳಿಗೆ ಹಣ್ಣು ಆಗ್ಲಿ ಅಂತ ಕಾಂಪೌಂಡ್ ಪಕ್ಕ ಒಂದು ಹಿಪ್ನೇರಳೆ ಗಿಡ ಹಾಕಿದೀವಿ, ಎದೆಮಟ್ಟ ಬೆಳೆದಿದೆ. ದಿನಾ ಸಾಯಂಕಾಲ ತಪ್ಪದೆ ಪೈಪಲ್ಲಿ ಬುಡಕ್ಕೆ ನೀರು ಬಿಡ್ತೀನಿ. ಆದ್ರೂ ಶಿವರಾತ್ರಿ ಕಳೀತಿದ್ದ ಹಾಗೆ ಕೆಳಗಿನ ಎಲೆ ಹಳದಿಯಾಗಿ ಉದುರುತ್ತೆ, ಕಾಯಿ ಕೆಂಪಗಾಗೋ ಹೊತ್ತಿಗೇ ಬಿದ್ದುಹೋಗುತ್ತೆ, ಕಪ್ಪಾಗೋವರೆಗೆ ನಿಲ್ಲಲ್ಲ. ಇನ್ನೂ ಜಾಸ್ತಿ ನೀರು ಹಾಕ್ಬೇಕಾ?
– ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ನೀರು ಜಾಸ್ತಿ ಬೇಕಮ್ಮ, ಆದ್ರೆ ದಿನಾ ಬೇಡ. ನಾಳೆ ನೀರು ಬಿಡೋಕೆ ಮುಂಚೆ ಒಂದು ಕೆಲಸ ಮಾಡಿ, ಬುಡದಿಂದ ಒಂದಡಿ ದೂರದಲ್ಲಿ ಸಲಾಕೆಯಿಂದ ಒಂದು ಗೇಣು ಆಳ ಅಗೆದು ತಳದ ಮಣ್ಣನ್ನ ಕೈಗೆ ತಗೊಂಡು ಮುಷ್ಟಿ ಕಟ್ಟಿ ನೋಡಿ. ಉಂಡೆಯಾಗಿ ನಿಂತ್ರೆ ತೇವ ಇದೆ, ಬೆರಳು ಬಿಚ್ಚಿದ ತಕ್ಷಣ ಪುಡಿಯಾಗಿ ಉದುರಿದ್ರೆ ಅಲ್ಲಿಗೆ ನಿಮ್ಮ ನೀರು ತಲುಪೇ ಇಲ್ಲ ಅಂತ ಅರ್ಥ. ನೀವು ಹೇಳಿರೋ ಲಕ್ಷಣ ನೋಡಿದ್ರೆ ಪುಡಿಯಾಗೋದೇ ಹೆಚ್ಚು ಅನ್ಸುತ್ತೆ.

ಲೆಕ್ಕ ಸುಲಭ ಇದೆ. ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಜಾಗಕ್ಕೆ ಒಂದು ಲೀಟರ್ ಸುರಿದ್ರೆ ಅದು 1 ಮಿಲಿಮೀಟರ್ ಮಳೆ ಬಿದ್ದಂಗೆ. ದಿನಾ 5 ಲೀಟರ್ ಬಿಟ್ರೂ ಮೇಲಿನ ಎರಡಿಂಚು ಮಣ್ಣು ಮಾತ್ರ ನೆನೆಯುತ್ತೆ, ಮಾರನೇ ದಿನ ಬಿಸಿಲು ಅದರಲ್ಲಿ ಅರ್ಧಕ್ಕರ್ಧ ಎಳ್ಕೊಂಡುಬಿಡುತ್ತೆ, ಗಿಡಕ್ಕೆ ಸಿಗೋದು ಉಳಿದಿದ್ದು, ಆಮೇಲೆ ಬೇರೂ ಕೂಡ ತೇವ ಎಲ್ಲಿದೆಯೋ ಅಲ್ಲೇ ಮೇಲ್ಮೇಲೇ ಹರಡಿ ಕೂರುತ್ತೆ, ಒಂದು ದಿನ ನೀವು ಊರಿಗೆ ಹೋದ್ರೂ ಗಿಡ ಬಾಡುತ್ತೆ. ಮೈಸೂರಿನ ಕೆಮ್ಮಣ್ಣಲ್ಲಿ ಒಂದಡಿ ಆಳಕ್ಕೆ ತೇವ ಇಳೀಬೇಕು ಅಂದ್ರೆ ಒಂದು ಚದರ ಮೀಟರ್‌ಗೆ 35ರಿಂದ 40 ಲೀಟರ್ ಬೇಕು. ಪ್ಲಾಸ್ಟಿಕ್ ಬಿಂದಿಗೆ 15 ಲೀಟರಿನದಾದ್ರೆ ಎರಡೂವರೆ ಬಿಂದಿಗೆ ಆಯ್ತು. ಪೈಪಲ್ಲೇ ಬಿಡ್ತೀರಾ ಅಂದ್ರೆ ಒಂದ್ಸಲ ಬಕೆಟ್‌ಗೆ ಹಿಡಿದು ತುಂಬೋಕೆ ಎಷ್ಟು ನಿಮಿಷ ಆಗುತ್ತೆ ನೋಡ್ಕೊಳ್ಳಿ, ಆಮೇಲೆ ಗಡಿಯಾರ ನೋಡಿ ಬಿಟ್ರೆ ಸಾಕು.

ಬುಡಕ್ಕೆ ಅಲ್ಲ, ಕೊಂಬೆ ಎಲ್ಲಿವರೆಗೆ ಹರಡಿದೆಯೋ ಅಷ್ಟಗಲ ಪಾತಿ ಮಾಡಿ, ಅಂಚಿಗೆ ನಾಲ್ಕು ಬೆರಳೆತ್ತರ ಕಟ್ಟೆ ಕಟ್ಟಿ. ಕಾಂಡದ ಸುತ್ತ ಮಣ್ಣು ಸ್ವಲ್ಪ ಎತ್ತರ ಇರ್ಲಿ, ನೀರು ಕಾಂಡಕ್ಕೆ ತಾಗಿ ನಿಲ್ಬಾರ್ದು. ಒಂದೇ ಸಲ ಸುರಿದ್ರೆ ನೀರು ಕಟ್ಟೆ ದಾಟಿ ಹರಿಯುತ್ತೆ, ಅರ್ಧ ಬಿಟ್ಟು, ಇಂಗಿದ ಮೇಲೆ ಇನ್ನರ್ಧ ಬಿಡಿ. ಬೆಳಿಗ್ಗೆ ಹೊತ್ತಾದ್ರೆ ಒಳ್ಳೇದು, ಸಾಯಂಕಾಲ ಎಲೆ ನೆನೆದು ರಾತ್ರಿಯೆಲ್ಲಾ ಒದ್ದೆ ಇದ್ರೆ ಎಲೆಚುಕ್ಕಿ ರೋಗಕ್ಕೆ ದಾರಿ. ಮೇಲೆ ಎರಡು ಮೂರಿಂಚು ಕಬ್ಬಿನ ತರಗೋ ನೆಲ್ಲುಲ್ಲೋ ಹಾಸಿ, ನಮ್ಮ ಕಡೆ ಅದಕ್ಕೇನು ಬರ. ಕಾಂಡದಿಂದ ಮಾತ್ರ ಒಂದು ಹಿಡಿ ದೂರ ಇರ್ಲಿ, ಕೆಮ್ಮಣ್ಣಲ್ಲಿ ಒಣ ತರಗು ಕಂಡ್ರೆ ಗೆದ್ದಲು ಬೇಗ ಹತ್ತುತ್ತೆ.

ಮಾರ್ಚ್‌ನಿಂದ ಮೇವರೆಗೆ ಆರು ಏಳು ದಿನಕ್ಕೊಂದು ಸಲ ಸಾಕು, ಗಿಡದಲ್ಲಿ ಕಾಯಿ ಇದ್ರೆ ಐದು ದಿನಕ್ಕೇ ಕೊಡಿ. ಕಾಯಿ ಕಟ್ಟಿದ ಮೇಲೆ ಮಣ್ಣು ಒಂದ್ಸಲ ಪೂರ್ತಿ ಒಣಗಿದ್ರೂ ಗಿಡ ಕಾಯಿ ಉದುರಿಸಿ ತನ್ನ ಪ್ರಾಣ ಉಳಿಸ್ಕೊಳ್ಳುತ್ತೆ, ನಿಮ್ಮ ಮನೇಲಿ ಆಗ್ತಿರೋದು ಇದೇ ಅಂತ ನನಗನ್ಸೋದು. ಹಾಗಂತ ಹಣ್ಣು ಕಪ್ಪಾಗೋ ಹೊತ್ತಲ್ಲಿ ಕೆಸರು ಮಾಡಿದ್ರೆ ರುಚಿ ಸಪ್ಪೆಯಾಗುತ್ತೆ. ಮಧ್ಯಾಹ್ನ ಎಲೆ ಜೋತುಬಿದ್ರೆ ಗಾಬರಿಯಾಗಿ ಓಡ್ಬೇಡಿ, ಬಿಸಿಲಿಗೆ ಎಲ್ಲಾ ಗಿಡವೂ ಹಾಗೇ, ಬೆಳಿಗ್ಗೆ ಆರು ಗಂಟೆಗೂ ಜೋತಿದ್ರೆ ಮಾತ್ರ ನೀರು ಕೇಳ್ತಿದೆ ಅಂತ ತಿಳ್ಕೊಳ್ಳಿ.

ಮಳೆ ಬಂದಾಗ ನಿಲ್ಸೋದು ಯಾವಾಗ ಅನ್ನೋದನ್ನೂ ಹೇಳ್ಬಿಡ್ತೀನಿ. ನೆಟ್ಟಗಿನ ಗೋಡೆಯ ಒಂದು ಡಬ್ಬ ಬಯಲಲ್ಲಿ ಇಡಿ, ಒಂದೂವರೆ ಇಂಚು ತುಂಬಿದ್ರೆ ಒಂದು ಸಲದ ನೀರು ಆಯ್ತು ಅಂತ ಲೆಕ್ಕ. ಮೇ ತಿಂಗಳ ಗುಡುಗು ಮಳೆ, ದಸರಾ ಹೊತ್ತಿನ ಮಳೆ ಇಷ್ಟು ಕೊಡುತ್ತೆ. ಜೂನ್ ಜುಲೈ ಸೋನೆ ಮಳೆ ನಂಬಬೇಡಿ, ದಿನವೆಲ್ಲಾ ಮೋಡ, ರಸ್ತೆ ಒದ್ದೆ, ಆದ್ರೆ ಗೇಣು ಆಳ ಅಗೆದ್ರೆ ಎಷ್ಟೋ ಸಲ ಮಣ್ಣು ಒಣಗೇ ಇರುತ್ತೆ.

ಇನ್ನೊಂದು ಮಾತು, ಗಿಡ ಎಲ್ಲಿಂದ ತಂದ್ರಿ? ರೇಷ್ಮೆ ಬೆಳೆಯೋರ ಹೊಲದ ಕಡ್ಡಿಯಾದ್ರೆ ಅದು ವಿ-1 ಇರೋ ಸಾಧ್ಯತೆ ಜಾಸ್ತಿ. ಮೈಸೂರಲ್ಲೇ ಇರೋ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1997ರಲ್ಲಿ ಬಿಡುಗಡೆ ಮಾಡಿದ ಒಳ್ಳೇ ತಳಿ ಅದು, ಆದ್ರೆ ಮಾಡಿದ್ದು ಹುಳಕ್ಕೆ ಸೊಪ್ಪು ಬೇಕು ಅಂತ. ರೈತರು ವರ್ಷಕ್ಕೆ ಐದು ಬೆಳೆ ಸೊಪ್ಪು ತೆಗೀಬೇಕು, ಅದಕ್ಕೇ ಮತ್ತೆ ಮತ್ತೆ ಕಟಾವು ಮಾಡಿ ಗೊಬ್ಬರ ನೀರು ಸುರೀತಾರೆ. ಅವರನ್ನ ನೋಡಿ ನೀವೂ ಯೂರಿಯಾ, ನೀರು ಎರಡನ್ನೂ ಸುರಿದ್ರೆ ಸೊಪ್ಪು ಬರುತ್ತೆ, ಹಣ್ಣು ಬರಲ್ಲ.

ಪ್ರಶ್ನೆ: ನಮ್ಮ ಹಿತ್ತಲ ಗಿಡದ ಚಿಗುರೆಲ್ಲಾ ಮುದುಡಿ ಗಂಟು ಕಟ್ಕೊಂಡಿದೆ, ಬೆಳವಣಿಗೆ ನಿಂತಿದೆ. ನೀರು ಸಾಲ್ದು ಅಂತ ನಮ್ಮನೆಯವರು ದಿನಾ ಮೋಟರ್ ಹಾಕಿ ಬಿಡ್ತಾರೆ. ಈಗ ಕೆಳಗಿನ ಎಲೇನೂ ಹಳದಿಯಾಗ್ತಿದೆ. ಏನ್ಮಾಡೋದು?
– ಓದುಗಿ, ಮಂಡ್ಯ ತಾಲ್ಲೂಕು

ಉತ್ತರ: ತಾಯಿ, ಮೊದಲು ಮೋಟರ್ ನಿಲ್ಸಿ. ಚಿಗುರು ಮುದುಡಿರೋದು ನೀರಿಗಲ್ಲ, ಅದು ತುಕ್ರಾ. ನಿಮ್ಮೂರಲ್ಲಿ ರೇಷ್ಮೆ ಮಾಡೋರನ್ನ ಯಾರನ್ನ ಕೇಳಿದ್ರೂ ಹೇಳ್ತಾರೆ. ಒಂದು ಚಿಗುರು ಕಿತ್ತು ಬಿಡಿಸಿ ನೋಡಿ, ಸುಕ್ಕಿನ ಸಂದಿಯೊಳಗೆ ಹತ್ತಿಯಂಥ ಬಿಳಿ ಪುಡಿ, ಅದನ್ನ ಉಗುರಲ್ಲಿ ಸರಿಸಿದ್ರೆ ಗುಲಾಬಿ ಬಣ್ಣದ ಸಣ್ಣ ಮೆತ್ತನೆ ಹುಳ ಸಿಗುತ್ತೆ, ಹಿಟ್ಟು ತಿಗಣೆ ಅಂತಾರೆ, ಅದು ರಸ ಹೀರ್ತಾ ಇರೋದ್ರಿಂದ ಎಲೆ ಹಾಗೆ ಮುದುಡೋದು. ಬೇಸಿಗೇಲಿ ಇದರ ಕಾಟ ಹೆಚ್ಚು, ಅದಕ್ಕೇ ಎಲ್ಲರೂ ಬಾಯಾರಿಕೆ ಅಂತ ತಪ್ಪು ತಿಳ್ಕೊಳ್ಳೋದು. ಮುದುಡಿದ ತುದಿಯನ್ನೆಲ್ಲಾ ಕತ್ತರಿಸಿ ಸೋಪಿನ ನೀರಿನ ಬಕೆಟ್‌ಗೆ ಹಾಕಿ, ನೆಲಕ್ಕೆ ಬಿಸಾಕಿದ್ರೆ ಹುಳ ಮತ್ತೆ ಹತ್ಕೊಳ್ಳುತ್ತೆ. ಉಳಿದ ಕೊಂಬೆಗೆ ಪೈಪಿನ ಬಾಯಿ ಒತ್ತಿ ಹಿಡಿದು ಜೋರಾಗಿ ನೀರು ಹೊಡೀರಿ, ಅದೂ ಬೆಳಿಗ್ಗೆ ಹೊತ್ತು. ಮಕ್ಕಳು ಗಿಡದಿಂದಲೇ ಕಿತ್ತು ತಿನ್ನೋ ಹಣ್ಣು, ದಯವಿಟ್ಟು ಔಷಧಿ ಅಂಗಡಿಯವರು ಕೊಟ್ಟಿದ್ದನ್ನೆಲ್ಲಾ ಹೊಡೀಬೇಡಿ.

ಕೆಳಗಿನ ಎಲೆ ಹಳದಿಯಾಗಿದ್ದು ಮೋಟರ್ ನೀರಿಂದ. ನಾಲೆ ಬಯಲಿನ ಅಂಟು ಮಣ್ಣಾದ್ರೆ ನೀರು ಕೆಳಗಿಳಿಯೋಕೇ ದಿನಗಟ್ಟಲೆ ಬೇಕು, ಬೇರಿಗೆ ಉಸಿರಾಡೋಕೆ ಗಾಳಿ ಸಿಗಲ್ಲ, ಹೀಗೇ ಬಿಟ್ರೆ ಬೇರು ಕೊಳೆಯುತ್ತೆ. ಗೇಣು ಆಳದ ಮಣ್ಣು ಬೆರಳಿಗೆ ಅಂಟೋದು ನಿಲ್ಲೋವರೆಗೆ ಒಂದು ಹನಿಯೂ ಬೇಡ. ಆಮೇಲೆ ಹತ್ತು ಹನ್ನೆರಡು ದಿನಕ್ಕೊಂದು ಸಲ ಕೊಟ್ರೂ ನಡೆಯುತ್ತೆ. ಪಕ್ಕದ ಗದ್ದೆಯಿಂದ ಜೌಗು ಬರ್ತಿದ್ರೆ ಗಿಡದ ಆ ಕಡೆ ಒಂದಡಿ ಆಳ ಕಾಲುವೆ ತೋಡಿಬಿಡಿ.

ಪ್ರಶ್ನೆ: ತಾರಸಿ ಮೇಲೆ ಡ್ರಮ್ಮಲ್ಲಿ ಇಟ್ಟಿದೀನಿ. ಕಟಿಂಗ್ ಮಾಡಿದ ಮೇಲೆ ನೀರು ಕಡಿಮೆ ಮಾಡ್ಬೇಕಾ? ಆರ್‌ಒ ವೇಸ್ಟ್ ನೀರು ಹಾಕ್ಬಹುದಾ?
– ಓದುಗರು, ಮದ್ದೂರು

ಉತ್ತರ: ಡ್ರಮ್ಮಿಗೆ ಮೇಲಿನ ಲೆಕ್ಕ ನಡೆಯಲ್ಲ ಸಾರ್, ಬೇಸಿಗೇಲಿ ದಿನಾ ಬೆಳಿಗ್ಗೆ ಕೆಳಗಿನ ತೂತಿಂದ ನೀರು ಬರೋವರೆಗೆ ಹಾಕಿ, ತಟ್ಟೇಲಿ ನಿಂತಿದ್ದನ್ನ ಚೆಲ್ಲಿ. ಕಟಿಂಗ್ ಆದ ದಿನ ಒಂದ್ಸಲ ಚೆನ್ನಾಗಿ ಕೊಡಿ, ಎಲೆ ಇಲ್ಲದ ಗಿಡ ಜಾಸ್ತಿ ಕುಡಿಯಲ್ಲ, ಹಾಗಾಗಿ ಚಿಗುರು ಬರೋವರೆಗೆ ಮೇಲ್ಮಣ್ಣು ಒಣಗಿದಾಗ ಮಾತ್ರ ಹಾಕಿ. ಹೊಸ ಚಿಗುರಿನ ಜೊತೇಲೇ ಹಿಪ್ನೇರಳೆ ಹೂ ಬಿಡೋದು, ಆವಾಗಿಂದ ಒಣಗಿಸ್ಬೇಡಿ. ಆರ್‌ಒ ವೇಸ್ಟ್ ನೀರಲ್ಲಿ ಉಪ್ಪಿನಂಶ ಹೆಚ್ಚು, ನಿಮ್ಮಲ್ಲಿ ಬೋರ್ ನೀರೇ ಗಡಸಾಗಿದ್ರಂತೂ ಡ್ರಮ್ಮಲ್ಲಿ ಉಪ್ಪು ಕೂಡ್ತಾ ಹೋಗಿ ಎಲೆ ಅಂಚು ಸುಡುತ್ತೆ, ಬೇಡ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ.